ಧರ್ಮದಂಗಡಿಯ ಬೆಳ್ಳಿ

ಚಲಾವಣೆ ತಪ್ಪಿದ ನಾಣ್ಯಕ್ಕೆ ನಮ್ಮ ಮನೆಗಳಲ್ಲಿ ಎರಡೇ ಗತಿ. ಒಂದೋ ಅದು ದೇವರ ಪೆಟ್ಟಿಗೆಯಲ್ಲಿ ಕುಂಕುಮ ಮೆತ್ತಿಕೊಂಡು ಕೂರುತ್ತದೆ. ಇಲ್ಲವೇ ಅಕ್ಕಸಾಲಿಗನ ಮೂಸೆಗೆ ಬಿದ್ದು ಕಾಲುಂಗುರವಾಗುತ್ತದೆ. ಇಂಗ್ಲೆಂಡಿನಲ್ಲಿ ಅದಕ್ಕೆ ಮೂರನೆಯ ಗತಿಯೊಂದುಂಟು. ಮನೆಯ ಹಿರಿಯರು ತೀರಿಕೊಂಡ ಮೇಲೆ ಅವರ ಕೋಟು, ಪಿಂಗಾಣಿ, ಪುಸ್ತಕಗಳೊಡನೆ, ಹಳೆಯ ಬಿಸ್ಕತ್ತಿನ ಡಬ್ಬವೊಂದರಲ್ಲಿ ಕುಳಿತು, ಅದೂ ಊರ ಪೇಟೆಬೀದಿಯ ‘ಚಾರಿಟಿ ಶಾಪ್’ ಎಂಬ ಧರ್ಮದಂಗಡಿಗೆ ಹೋಗುತ್ತದೆ. ಕೆಲವು ವರ್ಷಗಳ ಹಿಂದೆ ಬೇಸಗೆಯ ರಜೆಯನ್ನು ನಾನು ಇಂಗ್ಲೆಂಡಿನ ನಡುನಾಡಿನ ಪಟ್ಟಣವೊಂದರಲ್ಲಿ, ತಂಗಿಯ ಮನೆಯಲ್ಲಿ ಕಳೆದೆ. ಅಂಥ ಅಂಗಡಿಯೊಂದರ ಮೋಹಕ್ಕೆ ಸಿಕ್ಕಿದ್ದು ಆಗಲೇ.

ಅದು ಮರಣಾಸನ್ನ ರೋಗಿಗಳ ಆರೈಕೆ ಮಾಡುವ ಸಂಸ್ಥೆಯೊಂದರ ಅಂಗಡಿ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ತಟ್ಟೆ. ಅದರ ತುಂಬ ಕಿಲುಬು ಹಿಡಿದ ನಾಣ್ಯಗಳು. ಮೇಲೊಂದು ಚೀಟಿ: ‘ಯಾವುದಾದರೂ ಸರಿ, 50 ಪೆನ್ಸ್.’ ಬೆರಳಾಡಿಸುತ್ತಿದ್ದಂತೆ ನಮ್ಮ ತೂತು ಕಾಸೊಂದು ಸಿಕ್ಕಿತು. ಅದರ ಮೇಲೆ 1943ನೆಯ ಇಸವಿ. ಅದರ ಕೆಳಗೆ ಮಸಿ ಬಣ್ಣಕ್ಕೆ ತಿರುಗಿದ ದೊಡ್ಡ ಬಿಲ್ಲೆ. ಒರೆಸಿ ನೋಡಿದರೆ ಐದನೆಯ ಜಾರ್ಜ್ ದೊರೆಯ ತಲೆ, 1917ರ ಅರ್ಧ ಕ್ರೌನ್. ಎರಡಕ್ಕೂ ಸೇರಿ ಒಂದು ಪೌಂಡು ಕೊಟ್ಟು, ಕಳ್ಳನಂತೆ ಬೇಗಬೇಗ ಹೆಜ್ಜೆ ಹಾಕಿ ಮನೆಗೆ ಬಂದೆ. ಕಳ್ಳನಂತೆ ಎಂದೆನಲ್ಲ, ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಈ ಅಂಗಡಿಗಳು ಹುಟ್ಟಿದ ಬಗೆಯನ್ನು ವಾಚಕರಿಗೆ ಹೇಳಬೇಕು.

ಬಡವರಿಗಾಗಿ ಹಳೆಯ ಸಾಮಾನು ಕೂಡಿಸುವ ಪದ್ಧತಿ ಆ ನಾಡಿಗೆ ಹೊಸದಲ್ಲ. 19ನೆಯ ಶತಮಾನದ ಕೊನೆಯಲ್ಲೇ ಸಾಲ್ವೇಷನ್ ಆರ್ಮಿಯವರು ಮನೆಮನೆಯಿಂದ ಬೇಡವಾದ ವಸ್ತುಗಳನ್ನು ತಂದು ದುರಸ್ತಿ ಮಾಡಿ ಬಡವರಿಗೆ ಅಗ್ಗವಾಗಿ ಮಾರುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೆಡ್ ಕ್ರಾಸ್ ಸಂಸ್ಥೆ ಇಂಥ 200ಕ್ಕೂ ಹೆಚ್ಚು ಅಂಗಡಿಗಳನ್ನು ನಡೆಸಿತು; ಯುದ್ಧ ಮುಗಿದೊಡನೆ ಅವು ಮುಚ್ಚಿದವು. ನಿಂತು ಬಾಳಿದ ಅಂಗಡಿಗೆ ಕಾರಣವಾದದ್ದು ಗ್ರೀಸ್ ದೇಶದ ಹಸಿವು.

ಜರ್ಮನರು ಗ್ರೀಸನ್ನು ಆಕ್ರಮಿಸಿದ್ದರು. ಶತ್ರುವಿಗೆ ಸಾಮಗ್ರಿ ಸೇರಬಾರದೆಂದು ಮಿತ್ರರಾಷ್ಟ್ರಗಳು ಸಮುದ್ರದ ದಾರಿ ಕಟ್ಟಿದ್ದವು. ನಡುವೆ ಸಿಕ್ಕ ಜನ ಅನ್ನವಿಲ್ಲದೆ ಸತ್ತರು. 1942ರ ಅಕ್ಟೋಬರ್ 5ರಂದು ಆಕ್ಸ್‌ಫರ್ಡಿನ ಸೇಂಟ್ ಮೇರಿ ಚರ್ಚಿನ ಹಳೆಯ ಗ್ರಂಥಾಲಯದಲ್ಲಿ ಕೆಲವರು ಕಲೆತು ಕ್ಷಾಮಪರಿಹಾರ ಸಮಿತಿಯೊಂದನ್ನು ಕಟ್ಟಿದರು. ಮುಂದೆ ಆಕ್ಸ್‌ಫ್ಯಾಮ್ ಎಂದು ಹೆಸರಾದದ್ದು ಇದೇ. ಶತ್ರುವಿನ ವಶದಲ್ಲಿರುವ ನಾಡಿಗೆ ಅನ್ನ ಕಳುಹಿಸಿರೆಂದು ಯುದ್ಧದ ನಡುವೆ ಸ್ವಂತ ಸರ್ಕಾರವನ್ನೇ ಕೇಳುವುದಕ್ಕೆ ಎದೆಗಾರಿಕೆ ಬೇಕು. ಯುದ್ಧಾನಂತರ ಸಮಿತಿ ಬಟ್ಟೆಬರೆ ಬೇಡಿದಾಗ ಬಂದ ಮೂಟೆಗಳಿಗೆ ಲೆಕ್ಕವಿರಲಿಲ್ಲ. ಅವುಗಳಲ್ಲಿ ಕಳುಹಿಸಲು ಬಾರದ, ಆದರೆ ಮಾರಲು ಬರುವ ವಸ್ತುಗಳು ಬಹಳ. ಹೀಗೆ 1947ರ ಕೊನೆಯ ಹೊತ್ತಿಗೆ ಬ್ರಾಡ್ ಸ್ಟ್ರೀಟಿನ 17ನೆಯ ನಂಬರಿನ ಕಟ್ಟಡದಲ್ಲಿ ಅಂಗಡಿ ಬಂದಿತು. ಸಮಿತಿಯ ಕಾರ್ಯದರ್ಶಿ ಸೆಸಿಲ್ ಜಾಕ್ಸನ್‌ಕೋಲ್ ಸ್ವತಃ ವ್ಯಾಪಾರಸ್ಥ. ಧರ್ಮವನ್ನೂ ವ್ಯಾಪಾರದ ಅಚ್ಚುಕಟ್ಟಿನಿಂದ ನಡೆಸಬೇಕೆಂಬುದು ಆತನ ಮತ. 1949ರಲ್ಲಿ ಅಂಗಡಿಯ ಹೊಣೆಗೆ ಬಂದ ಜೋ ಮಿಟಿ ಎಂಬಾತ ಏನು ಕೊಟ್ಟರೂ ಮಾರಬಲ್ಲವನಾಗಿದ್ದನಂತೆ; ಜೀವಂತ ಕತ್ತೆಯೊಂದನ್ನೂ ಮಾರಿದನೆಂದು ಹೇಳುತ್ತಾರೆ. ಯೂರೋಪಿನ ಹಸಿವಿಗಾಗಿ ಹುಟ್ಟಿದ ಸಮಿತಿ 1951ರಲ್ಲಿ ನಮ್ಮ ಬಿಹಾರದ ಕ್ಷಾಮಕ್ಕೂ ನೆರವು ಕಳುಹಿಸಿತು. ಇಂದು ಬ್ರಿಟನ್ನಿನಲ್ಲಿ ನಾನಾ ಸಂಸ್ಥೆಗಳ ಸುಮಾರು 10,000 ಧರ್ಮದಂಗಡಿಗಳಿವೆ.

ಈ ಅಂಗಡಿಗೆ ಸರಕು ಪುಕ್ಕಟೆ. ಕೆಲಸಗಾರರಲ್ಲಿ ಬಹುಮಂದಿ ಸಂಬಳವಿಲ್ಲದ ಸ್ವಯಂಸೇವಕರು, ಅವರಲ್ಲೂ ವಯಸ್ಸಾದ ಹೆಂಗಸರೇ ಹೆಚ್ಚು. ದಾನವಾಗಿ ಬಂದ ವಸ್ತುಗಳ ಮಾರಾಟದ ಮೇಲೆ ತೆರಿಗೆ ಬೀಳುವುದಿಲ್ಲ. ಕಟ್ಟಡದ ಸ್ಥಳೀಯ ಕಂದಾಯದಲ್ಲಿ ನೂರಕ್ಕೆ 80ರಷ್ಟು ವಿನಾಯಿತಿ. 1990ರಲ್ಲಿ ಬಂದ ‘ಗಿಫ್ಟ್ ಏಡ್’ ಎಂಬ ಏರ್ಪಾಟನ್ನು ಈ ಅಂಗಡಿಗಳು ಬಳಸುವ ರೀತಿ ಇನ್ನೂ ಸ್ವಾರಸ್ಯವಾದದ್ದು. ತೆರಿಗೆ ಕಟ್ಟುವ ಗೃಹಸ್ಥನೊಬ್ಬ ಕೊಟ್ಟ ಸಾಮಾನನ್ನು ಅಂಗಡಿ ಅವನ ಪರವಾಗಿ ಮಾರುತ್ತದೆ. ಬಂದ ಹಣವನ್ನು ಅವನು ಸಂಸ್ಥೆಗೆ ದಾನ ಮಾಡಿದನೆಂದು ಲೆಕ್ಕ. ಆಗ ಪ್ರತಿ ಪೌಂಡಿಗೆ ಸರ್ಕಾರ 25 ಪೆನ್ಸ್ ಸೇರಿಸಿ ಕೊಡುತ್ತದೆ. ಹರಿದ ಬಟ್ಟೆ ಕೂಡ ವ್ಯರ್ಥವಲ್ಲ. ಚಿಂದಿಯ ವ್ಯಾಪಾರಿ ಅದನ್ನು ತೂಕಕ್ಕೆ ಕೊಳ್ಳುತ್ತಾನೆ.

ನಾಣ್ಯಗಳ ಸಂಗತಿಯೇ ಬೇರೆ. ಅಂಗಿಯ ಬೆಲೆ ಯಾರಿಗಾದರೂ ಗೊತ್ತು. ನಾಣ್ಯದ ಬೆಲೆ ತಿಳಿದವರು ವಿರಳ. ಆ ದೇಶದ ಪುರಾತನ ಲೆಕ್ಕದಲ್ಲಿ 12 ಪೆನ್ಸಿಗೆ ಒಂದು ಷಿಲಿಂಗು, 20 ಷಿಲಿಂಗಿಗೆ ಒಂದು ಪೌಂಡು. ನಮ್ಮ ಅಣೆ ಪೈಗಳು 1957ರಲ್ಲಿ ದಶಮಾನ ಪದ್ಧತಿಗೆ ದಾರಿಬಿಟ್ಟಂತೆ, ಅವರ ಈ ಲೆಕ್ಕ 1971ರ ಫೆಬ್ರವರಿ 15ರಂದು ಮುಗಿಯಿತು. ಕೈಯಲ್ಲಿ ಉಳಿದದ್ದನ್ನು ಜನ ಡಬ್ಬಗಳಲ್ಲಿ ತುಂಬಿಟ್ಟರು. ಹೀಗೆ ಇಟ್ಟುಕೊಂಡವರಿಗೆ ಬೆಲೆಬಾಳುವಂತೆ ಕಂಡದ್ದು ಬಹುಮಟ್ಟಿಗೆ ಬೆಲೆಯಿಲ್ಲದ್ದು. 1965ರಲ್ಲಿ ಚರ್ಚಿಲ್ಲನ ಮುಖವಿರುವ ದೊಡ್ಡ ಕ್ರೌನ್ ನಾಣ್ಯ ಬಂದಾಗ ಮನೆಮನೆಯಲ್ಲೂ ನಿಧಿಯೆಂದು ಎತ್ತಿಟ್ಟರು. ಟಂಕಸಾಲೆ ಅದನ್ನು 2 ಕೋಟಿಯ ಹತ್ತಿರ ಹೊಡೆದಿತ್ತು! ಇಂದು ಯಾವ ತಟ್ಟೆಯಲ್ಲಿ ಕೈಹಾಕಿದರೂ ಮೊದಲು ಎಡವುವುದು ಅದೇ. ಎಲ್ಲರೂ ಹುಡುಕುವ 1933ರ ಪೆನ್ನಿ ಮಾತ್ರ ಯಾವ ತಟ್ಟೆಗೂ ಬರುವುದಿಲ್ಲ. ಆ ವರ್ಷ ಪೆನ್ನಿಗಳು ಸಾಕಷ್ಟಿದ್ದುದರಿಂದ, ಕಟ್ಟಡಗಳ ಅಡಿಗಲ್ಲಿನ ಕೆಳಗಿಡುವುದೇ ಮೊದಲಾದ ಕೆಲಸಕ್ಕೆಂದು ಬೆರಳೆಣಿಕೆಯಷ್ಟನ್ನು ಮಾತ್ರ ಹೊಡೆದಿದ್ದರು.

ಬಲ್ಲವನು ನೋಡುವುದು ಇಸವಿಯನ್ನು. ಬ್ರಿಟನ್ನಿನ ಬಿಳಿಯ ನಾಣ್ಯಗಳಲ್ಲಿ 1919ರವರೆಗೆ ನೂರಕ್ಕೆ 92.5 ಪಾಲು ಬೆಳ್ಳಿ. ಮೊದಲ ಮಹಾಯುದ್ಧದ ಬೆನ್ನಿಗೆ ಬೆಳ್ಳಿ ತುಟ್ಟಿಯಾಗಿ, ನಾಣ್ಯದ ಮುಖಬೆಲೆಗಿಂತ ಅದರೊಳಗಿನ ಲೋಹವೇ ಮೇಲಾದಾಗ, 1920ರಲ್ಲಿ ಅದನ್ನು ನೂರಕ್ಕೆ 50ಕ್ಕೆ ಇಳಿಸಿದರು. ಎರಡನೆಯ ಯುದ್ಧದಲ್ಲಿ ಅಮೆರಿಕದಿಂದ ಎರವಲು ತಂದ ಬೆಳ್ಳಿಯನ್ನು ಹಿಂದಿರುಗಿಸಬೇಕಾಗಿ ಬಂದಾಗ, 1947ರಿಂದ ಬೆಳ್ಳಿಯನ್ನು ಪೂರ್ತಿ ಬಿಟ್ಟು ತಾಮ್ರ, ನಿಕಲ್ ಬೆರೆಸಿದರು. ನಮ್ಮ ರೂಪಾಯಿಯೂ ಇದೇ ದಾರಿ ಹಿಡಿದದ್ದೇ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಿದ್ದ ರೂಪಾಯಿ 1940ರಲ್ಲಿ ಅರ್ಧಕ್ಕಿಳಿದು, 1947ರ ಹೊತ್ತಿಗೆ ಬರಿಯ ನಿಕಲ್ ಆಗಿತ್ತು. ತಾಮ್ರಕ್ಕೂ ಬರ ಬಂದಾಗ 1943ರಲ್ಲಿ ಕಾಸಿನ ನಡುವನ್ನೇ ಕೊರೆದು ತೆಗೆದರು. ತೂತು ಕಾಸು ಹುಟ್ಟಿದ್ದು ಹಾಗೆ. ಅದು ಬಂಗಾಳದಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತ ವರ್ಷ.

ನನ್ನ ಅರ್ಧ ಕ್ರೌನಿನ ತೂಕ 14 ಗ್ರಾಂ, ಅದರಲ್ಲಿ 13 ಗ್ರಾಂ ಬೆಳ್ಳಿ. ಆ ಬೆಳ್ಳಿಯ ಬೆಲೆಯೇ ನಾನು ತೆತ್ತ 50 ಪೆನ್ಸಿನ ಹತ್ತು ಪಟ್ಟಿಗೂ ಮೇಲು. ಹಿಗ್ಗಿನಿಂದ ತಂಗಿಗೆ ತೋರಿಸಿದೆ. ಅವಳು ತಿರುಗಿಸಿ ನೋಡಿ, “ಅಣ್ಣಾ, ಹಾಗಾದರೆ ಉಳಿದ ದುಡ್ಡು ಆ ರೋಗಿಗಳದ್ದು ತಾನೆ?” ಎಂದಳು; ಎಂದು, ಒಗ್ಗರಣೆ ಸೀಯುತ್ತದೆಂದು ಒಳಗೆ ಹೋದಳು.

ಕಾನೂನಿನ ಪ್ರಕಾರ ನಾನು ಮಾಡಿದ್ದರಲ್ಲಿ ತಪ್ಪಿಲ್ಲ. ಅವರು ಕೇಳಿದ ಬೆಲೆ ಕೊಟ್ಟಿದ್ದೆ. ಹಳೆಯ ಪುಸ್ತಕದಂಗಡಿಯಲ್ಲಿ ಇಂಥ ಲಾಭವನ್ನು ನಾನೇ ಎಷ್ಟೋ ಸಲ ಮೆರೆದಿದ್ದೇನೆ. ಆದರೆ ಪುಸ್ತಕದಂಗಡಿಯವನು ಇಂದು ಸೋತರೆ ನಾಳೆ ನನ್ನನ್ನು ಸೋಲಿಸಬಲ್ಲ. ಇಲ್ಲಿ ಕೊಟ್ಟವರಿಗೆ ತಾವು ಕೊಟ್ಟದ್ದು ಏನೆಂದು ಗೊತ್ತಿಲ್ಲ, ಮಾರಿದವರಿಗೆ ಮಾರಿದ್ದು ಏನೆಂದು ಗೊತ್ತಿಲ್ಲ, ಗೊತ್ತಿದ್ದವನು ನಾನೊಬ್ಬನೇ. ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ನಾನು ಶಾಸನಗಳನ್ನು ಪಾಠ ಹೇಳುತ್ತ ಬಂದವನು. ನಮ್ಮ ದಾನಶಾಸನಗಳ ಕೊನೆಗೆ ಬರುವ ಶಾಪಾಶಯ ವಾಚಕರಲ್ಲಿ ಹಲವರಿಗೆ ತಿಳಿದದ್ದೇ. ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ. ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ಕಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಬಾಳುವನು. ಶಾಪದ ಜೊತೆಗೆ ಇನ್ನೊಂದು ಮಾತನ್ನೂ ಆ ಹಿರಿಯರು ಕಲ್ಲಿನಲ್ಲಿ ಕಡೆಯಿಸಿದ್ದಾರೆ: ದಾನ ಕೊಡುವುದಕ್ಕಿಂತ, ಕೊಟ್ಟ ದಾನವನ್ನು ಕಾಯುವುದು ಮೇಲು. ಪರೀಕ್ಷೆಗೆ ಬರುವ ಪ್ರಶ್ನೆಯೆಂದು ಹುಡುಗರಿಂದ ಗೆರೆ ಎಳೆಸಿದ ಆ ಮಾತು ನನ್ನನ್ನು ಉದ್ದೇಶಿಸಿಯೂ ಇರಬಹುದೆಂದು ಅಂದಿನವರೆಗೆ ಹೊಳೆದಿರಲಿಲ್ಲ.

ಮಾರನೆಯ ದಿನ ನಾಣ್ಯವನ್ನು ಹಿಡಿದು ಹೋದೆ. ಗಲ್ಲಾಪೆಟ್ಟಿಗೆಯ ಹಿಂದೆ ಅದೇ ಮುದುಕಿ. ಎಂಬತ್ತರ ಹತ್ತಿರದ ವಯಸ್ಸು. ವಿಷಯವನ್ನೆಲ್ಲ ಕೇಳಿ ಆಕೆ ಸಿಟ್ಟಾಗಲೂ ಇಲ್ಲ, ಹೊಗಳಲೂ ಇಲ್ಲ. ನಾಣ್ಯವನ್ನು ತೆಗೆದು ಮೇಜಿನ ಖಾನೆಯಲ್ಲಿಟ್ಟು, “ಗುರುವಾರ ಮಧ್ಯಾಹ್ನ ನಿಮಗೆ ಬಿಡುವುಂಟೆ? ಒಳಗೆ ಇಂಥ ಡಬ್ಬಗಳು ಇನ್ನೂ ನಾಲ್ಕಿವೆ,” ಎಂದರು.

ಹೀಗೆ ಆರು ಗುರುವಾರ ನಾನು ಅಂಗಡಿಯ ಹಿಂದಿನ ಕೋಣೆಯಲ್ಲಿ, ಇಸ್ತ್ರಿಯ ಹಬೆ ಮತ್ತು ಹಳೆಯ ಬಟ್ಟೆಯ ವಾಸನೆಗಳ ನಡುವೆ, ಭೂತಗನ್ನಡಿ ಹಿಡಿದು ಕುಳಿತೆ. 1920ಕ್ಕಿಂತ ಹಿಂದಿನದು ಒಂದು ರಾಶಿ, 1947ಕ್ಕಿಂತ ಹಿಂದಿನದು ಇನ್ನೊಂದು, ಉಳಿದದ್ದು ತಟ್ಟೆಗೆ. ಹುಣಸೆಹಣ್ಣು ಹಾಕಿ ತಿಕ್ಕಿ ಹೊಳಪು ತರಬಾರದು, ತಿಕ್ಕಿದ ನಾಣ್ಯವನ್ನು ಸಂಗ್ರಹಕಾರರು ಮುಟ್ಟುವುದಿಲ್ಲ ಎಂಬ ನಮ್ಮ ಕಡೆಯ ಬುದ್ಧಿಮಾತನ್ನೂ ಹೇಳಿಕೊಟ್ಟೆ. ಹುಣಸೆಹಣ್ಣೆಂದರೇನೆಂದು ವಿವರಿಸುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಬೆಳ್ಳಿಯ ಎರಡು ರಾಶಿಗಳನ್ನು ಸಂಸ್ಥೆಯವರು ಹರಾಜಿಗೆ ಕಳುಹಿಸಿದರು. ವಿದೇಶಿ ಚಿಲ್ಲರೆಯನ್ನು ಚೀಲಕ್ಕೆ ತುಂಬಿ ತೂಕದ ಮೇಲೆ ನಾಣ್ಯದ ವ್ಯಾಪಾರಿಗೆ ಕೊಟ್ಟರು.

ನಾಣ್ಯ ಸಂಗ್ರಹಿಸುವವರು ಈ ಅಂಗಡಿಗಳಿಗೆ ಹೋಗಬಾರದೆಂದು ನಾನು ಹೇಳುತ್ತಿಲ್ಲ. ಹೋಗಬೇಕು, ಕೊಳ್ಳುವವರಿಲ್ಲದೆ ಧರ್ಮದಂಗಡಿ ನಡೆಯದು. ಚೀಟಿಯ ಬೆಲೆಗೂ ನಿಜವಾದ ಬೆಲೆಗೂ ಅಂತರ ದೊಡ್ಡದಾಗಿ ಕಂಡರೆ ಒಂದು ಮಾತು ಹೇಳಿ ಕೊಂಡರಾಯಿತು.

ಹೊರಡುವ ದಿನ ಆ ಮುದುಕಿಗೆ ತೂತು ಕಾಸಿಗೂ ಹೆಚ್ಚಿನ ಬೆಲೆ ಕೊಡಲು ಹೋದೆ. ಅದಕ್ಕೆ ಅಷ್ಟು ಬಾಳುವುದುಂಟೆ ಎಂದು ಕೇಳಿದರು. ಇಲ್ಲ, 50 ಪೆನ್ಸೇ ಹೆಚ್ಚು ಎಂದು ಒಪ್ಪಿಕೊಂಡೆ. ಯಾವ ಸಿಪಾಯಿಯ ಜೇಬಿನಲ್ಲಿ, ಯಾವ ಹಡಗಿನಲ್ಲಿ ಅಲ್ಲಿಗೆ ಬಂದಿತ್ತೋ ತಿಳಿಯದು. ಈಗ ನನ್ನ ಮೇಜಿನ ಮೇಲಿದೆ. ಶಾಸನಪಾಠ ಮಾಡುವ ದಿನ ಅದನ್ನು ಜೇಬಿಗೆ ಹಾಕಿಕೊಂಡು ಹೋಗುತ್ತೇನೆ. ಹುಡುಗರು ಕೈಯಿಂದ ಕೈಗೆ ದಾಟಿಸುತ್ತ, ತೂತಿನೊಳಗಿಂದ ನನ್ನನ್ನೇ ನೋಡಿ ನಗುತ್ತಾರೆ.