ಫೋನಿನ ಸುಗ್ಗಿ, ಫೋನಿನ ಕೂಲಿ

ಸುಗ್ಗಿ ಅಂದ ಕೂಡಲೇ ನಮಗೆ ನೆನಪಾಗೋದು ಹೊಲ, ಕಣ, ಕುಯ್ಲಿಗೆ ಬರೋ ಕೂಲಿಯಾಳುಗಳು. ಆದರೆ ಫೋನಿಗೂ ಒಂದು ಸುಗ್ಗಿ ಇದೆ. ಅಮೆರಿಕದಲ್ಲಿ ಬೇಸಿಗೆ ರಜೆ, ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್ ಬಂತೆಂದರೆ ಹೋಟೆಲು, ವಿಮಾನ ಕಂಪನಿಗಳ ಬುಕಿಂಗ್ ಫೋನುಗಳು ಒಂದೇ ಸಮ ಹೊಡೆದುಕೊಳ್ಳುತ್ತಿದ್ದವು. ಆ ಕೆಲವು ವಾರಗಳಿಗಷ್ಟೇ ಬೇಕಾದ ಕೂಲಿಗಳು ಯಾರು, ಅವರನ್ನು ಎಲ್ಲಿಂದ ಕರೆತಂದರು ಅನ್ನೋದು ತುಂಬಾ ಸ್ವಾರಸ್ಯದ ಕಥೆ. ಸ್ವಲ್ಪ ಬೇಸರದ ಕಥೆ ಕೂಡಾ.

ಮೊದಲು ಇದೆಲ್ಲಾ ತೀರಾ ಸರಳವಾಗಿತ್ತು. ಬೆಸ್ಟ್ ವೆಸ್ಟರ್ನ್ ಹೋಟೆಲುಗಳ ಹೆಸರು ಕೇಳಿರ್ತೀರಿ. 1946ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಂ.ಕೆ. ಗೆರ್ಟಿನ್ ಎಂಬ ಮೋಟೆಲ್ ಮಾಲೀಕ ಶುರು ಮಾಡಿದ್ದು. ಒಬ್ಬ ಮಾಲೀಕ ತನ್ನ ಅತಿಥಿಗೆ ಮುಂದಿನ ಊರಿನ ಇನ್ನೊಂದು ಮೋಟೆಲ್ ಶಿಫಾರಸು ಮಾಡೋದು, ಅಲ್ಲಿಗೊಂದು ಫೋನ್ ಮಾಡಿ ರೂಮು ಹೇಳಿಡೋದು, ಅಷ್ಟೇ. ಬುಕಿಂಗಿಗಾಗಿಯೇ ಬೇರೆ ನೌಕರ ಬೇಕಿರಲಿಲ್ಲ.

ಇದನ್ನು ಬದಲಾಯಿಸಿದ್ದು ಎರಡು ಸಂಗತಿಗಳು. ಒಂದು ಕಂಪ್ಯೂಟರ್. ಅಮೆರಿಕನ್ ಏರ್‌ಲೈನ್ಸ್ ಮತ್ತು ಐಬಿಎಂ ಸೇರಿ ಕಟ್ಟಿದ ಸೇಬರ್ ವ್ಯವಸ್ಥೆ 1964ರ ಹೊತ್ತಿಗೆ ಪೂರ್ತಿಯಾಗಿ ಕೆಲಸಕ್ಕಿಳಿಯಿತು. ಹಿಂದೆ ಒಂದು ಸೀಟು ಗಟ್ಟಿ ಮಾಡಲು ಸರಾಸರಿ 90 ನಿಮಿಷ ಬೇಕಾಗುತ್ತಿತ್ತಂತೆ, ಅದು ಸೆಕೆಂಡುಗಳಿಗೆ ಇಳಿಯಿತು. ಎರಡನೆಯದು ಟೋಲ್-ಫ್ರೀ ನಂಬರ್. 1967ರಲ್ಲಿ ಎಟಿ&ಟಿ ಕಂಪನಿ 800ರ ನಂಬರುಗಳನ್ನು ತಂದಿತು. ಕರೆಯ ಖರ್ಚು ಕಂಪನಿಯದ್ದು, ಯಾವ ಊರಿನಿಂದ ಬೇಕಾದರೂ ಮಾಡಿ! ಊರೂರಿನ ಫೋನುಗಳೆಲ್ಲಾ ಒಂದೇ ದೊಡ್ಡ ಹಾಲಿಗೆ ಬಂದು ಸೇರತೊಡಗಿದವು.

ಆ ಹಾಲಿನಲ್ಲಿ ಕೂತವರ ಕೆಲಸ ಹೇಗಿತ್ತು? 1970ರ ದಶಕದಲ್ಲಿ ರಾಕ್‌ವೆಲ್ ಕಂಪನಿ ಕಾಂಟಿನೆಂಟಲ್ ಏರ್‌ಲೈನ್ಸ್‌ಗಾಗಿ ಒಂದು ಯಂತ್ರ ಮಾಡಿಕೊಟ್ಟಿತು. ಯಾರು ಖಾಲಿ ಇದ್ದಾರೋ ಅವರ ಕಿವಿಗೆ ಮುಂದಿನ ಕರೆಯನ್ನು ತಾನೇ ತಲುಪಿಸುವ ಯಂತ್ರ. ಒಂದು ಕರೆ ಮುಗಿಸಿ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಹಾಜರ್. ಯಾರು ಎಷ್ಟು ಸೆಕೆಂಡು ಮಾತಾಡಿದರು, ಎಷ್ಟು ಹೊತ್ತು ಎದ್ದು ಹೋದರು, ಎಲ್ಲವೂ ಲೆಕ್ಕಕ್ಕೆ. ಮೇಲ್ವಿಚಾರಕರು ಮಧ್ಯೆ ಕದ್ದು ಕೇಳಿಸಿಕೊಳ್ಳೋದೂ ಉಂಟು. ಸೀಸನ್ನಿಗೆ ಸೇರಿದವನಿಗಂತೂ ಮೊದಲ ದಿನದಿಂದಲೇ ಈ ಓಟ. ಯಾಕೆಂದರೆ ಅವನನ್ನು ಕರೆದಿದ್ದೇ ಓಟದ ಕಾಲಕ್ಕೆ.

ಅಲ್ಲಾ, ಸ್ವಲ್ಪ ಕರೆ ಹೆಚ್ಚಾದರೆ ಇದ್ದವರೇ ಸುಧಾರಿಸಬಾರದೇ ಅಂತ ಕೇಳಬಹುದು. ಅದು ಆಗೋಲ್ಲ ಅಂತ ಲೆಕ್ಕ ಹಾಕಿ ತೋರಿಸಿದವನು ಡೆನ್ಮಾರ್ಕಿನ ಆಗ್ನರ್ ಎರ್ಲಾಂಗ್. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಗಣಿತಜ್ಞ. 1917ರಲ್ಲಿ ಅವನು ಪ್ರಕಟಿಸಿದ ಸೂತ್ರಗಳನ್ನು ಕಾಲ್ ಸೆಂಟರುಗಳು ಈಗಲೂ ಬಳಸುತ್ತವೆ. 20 ಜನ ಇದ್ದಾರೆ, ಕರೆಗೆ ಸರಾಸರಿ 5 ನಿಮಿಷ ಅಂದುಕೊಳ್ಳಿ. ಗಂಟೆಗೆ ಹೆಚ್ಚೆಂದರೆ 240 ಕರೆ. 210 ಕರೆ ಬಂದರೆ ಗಿರಾಕಿ ಸರಾಸರಿ ಒಂದು ನಿಮಿಷ ಕಾಯುತ್ತಾನೆ. 235 ಬಂದರೆ? ಹತ್ತು ನಿಮಿಷ! ಕರೆ ಹೆಚ್ಚಿದ್ದು ನೂರಕ್ಕೆ 12, ಕಾಯುವಿಕೆ ಹತ್ತು ಪಟ್ಟು. ಹಾಗಾಗಿ ಸುಗ್ಗಿಗೆ ಹೊಸ ಆಳು ಬೇಕೇ ಬೇಕು. ಸುಗ್ಗಿ ಮುಗಿದ ಮೇಲೆ ಅವರು ಬೇಡ. ಸಮಸ್ಯೆ ಇರೋದು ಇಲ್ಲೇ.

ಕರೆದಾಗ ಬಂದು, ಬೇಡವೆಂದಾಗ ಹೋಗುವವರು ಎಲ್ಲಿ ಸಿಗುತ್ತಾರೆ? 1981ರಲ್ಲಿ ಬೆಸ್ಟ್ ವೆಸ್ಟರ್ನ್ ಕಂಡುಕೊಂಡ ಉತ್ತರ ಓದಿ ನಾನು ಒಂದು ಕ್ಷಣ ಸುಮ್ಮನಾದೆ. ಜೈಲು! ಅರಿಜೋನಾದ ಫೀನಿಕ್ಸ್‌ನಲ್ಲಿದ್ದ ಹೆಂಗಸರ ಜೈಲಿನೊಳಗೇ ಬುಕಿಂಗ್ ಕೇಂದ್ರ ತೆರೆದರು. ಕರೆಗಳ ಪ್ರವಾಹ ಬಂದಾಗ ಜನ ಅಲ್ಲೇ ಇರುತ್ತಾರಲ್ಲ. ಸಂಬಳವೇನೋ ಹೊರಗಿನ ನೌಕರರಷ್ಟೇ, ಅದರಲ್ಲೊಂದು ಪಾಲು ಜೈಲಿನ ಊಟ-ವಸತಿಗೆ ಕಡಿತ. ಬಿಡುಗಡೆಯಾದ ಕೆಲವರಿಗೆ ಕಂಪನಿಯೇ ಹೊರಗೆ ಕೆಲಸ ಕೊಟ್ಟಿದ್ದೂ ನಿಜ. 1986ರಲ್ಲಿ ಟಿಡಬ್ಲ್ಯುಎ ವಿಮಾನ ಕಂಪನಿ ಕೂಡಾ ಕ್ಯಾಲಿಫೋರ್ನಿಯಾದ ವೆಂಚುರಾದಲ್ಲಿ ಬಂಧನದಲ್ಲಿದ್ದ ಹುಡುಗ ಹುಡುಗಿಯರಿಂದ ಟಿಕೆಟ್ ಬುಕಿಂಗ್ ಮಾಡಿಸಿತು. ರಜೆಗೆ ಹೊರಟವನಿಗೆ ಟಿಕೆಟ್ ಕೊಡುವ ದನಿ, ತಾನು ಎಲ್ಲಿಗೂ ಹೋಗಲಾರದವಳದ್ದು. ಇದನ್ನು ಒಳ್ಳೆಯದೆನ್ನಬೇಕೋ ಕೆಟ್ಟದ್ದೆನ್ನಬೇಕೋ, ನನಗಂತೂ ಎರಡೂ ಅನ್ನಿಸುತ್ತದೆ.

ಆಮೇಲೆ ಮನೆಗಳ ಸರದಿ. 2000ದಲ್ಲಿ ಹಾರಾಟ ಶುರುಮಾಡಿದ ಜೆಟ್‌ಬ್ಲೂ, ಸಾಲ್ಟ್ ಲೇಕ್ ಸಿಟಿಯಲ್ಲಿ ಮನೆಯಲ್ಲೇ ಕೂತು ಫೋನ್ ತೆಗೆದುಕೊಳ್ಳುವ ಏಜೆಂಟರನ್ನು ನೇಮಿಸಿತು. ಮಕ್ಕಳ ತಾಯಂದಿರು ಬಹಳ ಮಂದಿ. ಬೆಳಿಗ್ಗೆ ಎರಡು ಗಂಟೆ, ಸಂಜೆ ಮೂರು ಗಂಟೆ ಅನ್ನುವಂಥ ಪಾಳಿಗೆ ಮನೆಯಲ್ಲಿರುವವರೇ ಸರಿ.

ಅದೇ ಹೊತ್ತಿಗೆ ನಮ್ಮ ಬೆಂಗಳೂರು ಬಂತು. ನ್ಯೂಯಾರ್ಕಿನ ಬೇಸಿಗೆಯ ಬೆಳಿಗ್ಗೆ ಹತ್ತು ಗಂಟೆ ಅಂದರೆ ಇಲ್ಲಿ ರಾತ್ರಿ ಏಳೂವರೆ. ಅವರ ಹಗಲಿಗೆ ನಮ್ಮ ಹುಡುಗ ಹುಡುಗಿಯರು ರಾತ್ರಿ ಕೊಟ್ಟರು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೆಂಗಸರ ರಾತ್ರಿ ಪಾಳಿಗೆ ಅಡ್ಡವಾಗಿತ್ತು. 2000ದ ದಶಕದ ಆರಂಭದಲ್ಲಿ ಈ ಉದ್ಯಮಕ್ಕೆ ಷರತ್ತುಗಳ ಮೇಲೆ ವಿನಾಯಿತಿ ಸಿಕ್ಕಿತು. ಎಲ್ಲೋ ದೂರದ ಸುಗ್ಗಿಗೆ ಇಲ್ಲಿನ ಕಾನೂನೂ ಬಾಗಿತು ನೋಡಿ.

ಕೊನೆಗೆ ಸಿಕ್ಕ ಕೂಲಿ ಅತಿ ಅಗ್ಗದವನು. ಸ್ವತಃ ಗಿರಾಕಿ! ವೆಬ್‌ಸೈಟಿನಲ್ಲಿ ಅವನೇ ತಾರೀಖು ಹುಡುಕಿ, ಅವನೇ ಹೆಸರು ತುಂಬಿ, ಅವನೇ ದುಡ್ಡು ಕಟ್ಟುತ್ತಾನೆ. 2004ರಲ್ಲಿ ಸೌತ್‌ವೆಸ್ಟ್ ಏರ್‌ಲೈನ್ಸ್ ಡಲ್ಲಾಸ್, ಲಿಟಲ್ ರಾಕ್, ಸಾಲ್ಟ್ ಲೇಕ್ ಸಿಟಿಯ ಮೂರು ಬುಕಿಂಗ್ ಕೇಂದ್ರಗಳನ್ನು ಮುಚ್ಚಿತು. ಸುಲಭದ ಕರೆಗಳೆಲ್ಲಾ ವೆಬ್‌ಗೆ ಹೋದವು. ಫೋನಿಗೆ ಉಳಿದದ್ದು ತಪ್ಪಿದ ವಿಮಾನ, ಹಿಂತಿರುಗದ ಹಣ, ಅಳು, ಬೈಗುಳ. ಇವತ್ತು ಸೀಸನ್ನಿಗೆ ಇಂಥ ಕೆಲಸ ಸೇರುವವರು ಮೊದಲು ನಿರೀಕ್ಷಿಸಬೇಕಾದದ್ದು ಇದನ್ನೇ.

2022ರ ಡಿಸೆಂಬರಿನಲ್ಲಿ ಅದೇ ಸೌತ್‌ವೆಸ್ಟ್ ಕ್ರಿಸ್‌ಮಸ್ ಸಮಯದಲ್ಲಿ ಸುಮಾರು 16,900 ವಿಮಾನಗಳನ್ನು ರದ್ದು ಮಾಡಿತು. 20 ಲಕ್ಷಕ್ಕೂ ಹೆಚ್ಚು ಜನ ಸಿಕ್ಕಿಹಾಕಿಕೊಂಡರು. ಫೋನ್ ಮಾಡಿದರೆ ಎಂಗೇಜ್ ಟೋನ್, ಇಲ್ಲವೇ ಗಂಟೆಗಟ್ಟಲೆ ಕಾಯುವಿಕೆ. ಮರುವರ್ಷ ಅಮೆರಿಕ ಸರ್ಕಾರ ವಿಧಿಸಿದ 14 ಕೋಟಿ ಡಾಲರ್ ದಂಡಕ್ಕೆ ಕೊಟ್ಟ ಕಾರಣಗಳಲ್ಲಿ ಈ ಫೋನಿನ ವಿಷಯವೂ ಇತ್ತು. ಎರ್ಲಾಂಗ್‌ನ ಲೆಕ್ಕ ನೂರು ವರ್ಷದ ಮೇಲೂ ಸುಳ್ಳಾಗಲಿಲ್ಲ.

ಕೈದಿ, ಮನೆಯ ತಾಯಿ, ನಿದ್ದೆಗೆಟ್ಟ ಬೆಂಗಳೂರಿನ ಹುಡುಗಿ, ಕೊನೆಗೆ ಗಿರಾಕಿ. ಸುಗ್ಗಿಯ ಭಾರ ಒಬ್ಬರಿಂದ ಇನ್ನೊಬ್ಬರಿಗೆ ದಾಟಿತೇ ಹೊರತು ಇಲ್ಲವಾಗಲಿಲ್ಲ. ಮುಂದಿನ ಸಲ ಹೋಲ್ಡ್ ಮ್ಯೂಸಿಕ್ ಕೇಳಿ ಕೇಳಿ ರೇಗಿದಾಗ, ಆ ತುದಿಯಲ್ಲಿ ಕೊನೆಗೂ ಫೋನ್ ಎತ್ತುವವರ ಮೇಲೆ ಅದನ್ನು ತೀರಿಸಿಕೊಳ್ಳದಿದ್ದರೆ ಚೆನ್ನ. ಸಾಲು ಉದ್ದವಾಗಿರೋದು ಅವರಿಂದಲ್ಲ, ಅವರ ಪಕ್ಕದ ಕುರ್ಚಿಗಳು ಖಾಲಿ ಇರೋದರಿಂದ.

ನಿಮ್ಮಲ್ಲಿ ಯಾರಾದರೂ ಆ ಕುರ್ಚಿಯಲ್ಲಿ ಕೂತು ಬಂದವರಿದ್ದರೆ ನಿಮ್ಮ ಕಥೆಯನ್ನೂ ಬರೆಯಿರಿ. ಓದೋಕೆ ಕಾಯ್ತಿರ್ತೀನಿ, ಹೋಲ್ಡ್‌ನಲ್ಲೇ :)