ಹಳೇ ಬಿಎಂಎಕ್ಸ್ ಫ್ರೇಮ್: ಆರ್‌ಸಿ ಇಲ್ಲದ ಸೈಕಲ್‌ನ ಜಾತಕ ಓದೋದು ಹೇಗೆ?

ಎಲೆಕ್ಟ್ರಾನಿಕ್ ಸಿಟಿ ಆಸುಪಾಸಿನ ಗುಜರಿಯಲ್ಲಿ ಹಳೇ ಬಿಎಂಎಕ್ಸ್ ಫ್ರೇಮ್ ಒಂದು ಸಿಕ್ಕಿತು ಅಂದುಕೊಳ್ಳಿ. ಬಣ್ಣ ಹೋಗಿದೆ, ಸ್ಟಿಕ್ಕರ್ ಇಲ್ಲ. ಯಾವ ಕಾಲದ್ದು? ಯಾರದ್ದು? ಸ್ಕೂಟರ್ ಆಗಿದ್ದರೆ ಆರ್‌ಟಿಒ ದಾಖಲೆ ಇರುತ್ತಿತ್ತು. ಆದರೆ 1988ರ ಮೋಟಾರು ವಾಹನ ಕಾಯ್ದೆಯ ಲೆಕ್ಕದಲ್ಲಿ ತುಳಿಯುವ ಸೈಕಲ್ ಮೋಟಾರು ವಾಹನವೇ ಅಲ್ಲ. ನೋಂದಣಿಯೂ ಇಲ್ಲ, ಆರ್‌ಸಿಯೂ ಇಲ್ಲ. ಅದರ ಚರಿತ್ರೆಯನ್ನು ಕಬ್ಬಿಣದಿಂದಲೇ ಓದಬೇಕು.

ಹುಟ್ಟಿದ್ದೆಲ್ಲಿ?

1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಮೋಟೋಕ್ರಾಸ್ ಬೈಕ್‌ಗಳನ್ನು ಅನುಕರಿಸಿ ಮಣ್ಣಿನ ದಿಬ್ಬಗಳ ಮೇಲೆ ಸೈಕಲ್ ಹಾರಿಸತೊಡಗಿದರು. ಅವರ ಕೈಯಲ್ಲಿದ್ದದ್ದು ಹೆಚ್ಚಾಗಿ ಶ್ವಿನ್ ಕಂಪನಿ 1963ರಲ್ಲಿ ತಂದ ಸ್ಟಿಂಗ್-ರೇ, 20 ಇಂಚು ಚಕ್ರದ ಸೈಕಲ್. ಇತ್ತ ಕಿಯೋನಿಕ್ಸ್ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟಿದ್ದು 1978ರಲ್ಲಿ. ಆ ಹೊತ್ತಿಗೆ ಅಲ್ಲಿ ಬಿಎಂಎಕ್ಸ್ ಒಂದು ಉದ್ಯಮವೇ ಆಗಿತ್ತು. 2008ರ ಬೀಜಿಂಗ್‌ನಲ್ಲಿ ಅದು ಒಲಿಂಪಿಕ್ಸ್ ಸೇರಿತು.

ಏನೇನು ನೋಡಬೇಕು?

ಮೊದಲು ಫ್ರೇಮನ್ನು ಮಗುಚಿ ಹಾಕಿ. ಎರಡು ಪೆಡಲ್‌ಗಳ ನಡುವಿನ ದಪ್ಪ ಕೊಳವೆಯ ಅಡಿಯಲ್ಲಿ ಸಾಮಾನ್ಯವಾಗಿ ಸೀರಿಯಲ್ ನಂಬರ್ ಒತ್ತಿರುತ್ತಾರೆ. ಅಲ್ಲಿಲ್ಲದಿದ್ದರೆ ಹಿಂದಿನ ಚಕ್ರ ಕೂರುವ ತಗಡು ಅಥವಾ ಹ್ಯಾಂಡಲ್ ಕೆಳಗಿನ ಕೊಳವೆ ನೋಡಿ. ಸ್ಯಾಂಡ್‌ಪೇಪರ್ ಹಾಕಬೇಡಿ, ನಂಬರ್ ಅಳಿಸಿಹೋಗುತ್ತೆ. ಸೀಮೆಎಣ್ಣೆ, ಬಟ್ಟೆ ಸಾಕು.

ಮುಂದಿನ ಕೊಳವೆ 1 ಇಂಚಿನ ಫೋರ್ಕ್‌ಗೆ ಮಾಡಿದ್ದಾದರೆ 90ರ ದಶಕಕ್ಕಿಂತ ಹಿಂದಿನದಿರಬಹುದು. ಆದರೆ ಅಗ್ಗದ ಸೈಕಲ್‌ಗಳಲ್ಲಿ ಆ ಅಳತೆ ಆಮೇಲೂ ಉಳಿದಿದೆ, ಇದೊಂದನ್ನೇ ನಂಬಬೇಡಿ. ಹ್ಯಾಂಡಲ್ ಸುತ್ತ ತಿರುಗಿದರೂ ಬ್ರೇಕ್ ವೈರ್ ಸುತ್ತಿಕೊಳ್ಳದಂತೆ ಮಾಡುವ ಬಿಡಿಭಾಗಕ್ಕೆ ಕಿವಿಗಳಿದ್ದರೆ ಅದು 80ರ ದಶಕದ ಮಧ್ಯದ ನಂತರದ ಫ್ರೀಸ್ಟೈಲ್ ಫ್ರೇಮ್. '4130' ಅಂತಿದ್ದರೆ ಕ್ರೋಮ್-ಮಾಲಿ ಉಕ್ಕು.

ಹೆಸರೊಂದು, ಬೆಸುಗೆ ಇನ್ನೊಂದು

ಬ್ರ್ಯಾಂಡ್ ಹೆಸರು ತಯಾರಕರ ಹೆಸರಲ್ಲ. 1980ರಲ್ಲಿ ಶ್ವಿನ್‌ನ ಶಿಕಾಗೋ ಕಾರ್ಖಾನೆಯ ಕಾರ್ಮಿಕರು ಮುಷ್ಕರ ಹೂಡಿದಾಗ ಕಂಪನಿ ತಯಾರಿಕೆಯನ್ನು ತೈವಾನಿನ ಜೈಂಟ್ ಕಡೆಗೆ ತಿರುಗಿಸಿತು. ಸೀರಿಯಲ್ ನಂಬರ್ ಎಷ್ಟೋ ಸಲ ಇಂಥ ಕಥೆಯನ್ನೇ ಹೇಳುತ್ತೆ: ಕೆಲಸ ಯಾವ ಊರಿಂದ ಯಾವ ಊರಿಗೆ ಹೋಯಿತು ಅಂತ. ನಮ್ಮಲ್ಲೂ ಅಷ್ಟೇ. 1951ರಲ್ಲಿ ಸೋನಿಪತ್‌ನಲ್ಲಿ ಶುರುವಾದ ಅಟ್ಲಾಸ್, ಸಾಹಿಬಾಬಾದ್‌ನ ತನ್ನ ಕಾರ್ಖಾನೆಗೆ ಬೀಗ ಹಾಕಿದ್ದು 2020ರ ಜೂನ್ 3ರಂದು. ಅವತ್ತು ವಿಶ್ವ ಸೈಕಲ್ ದಿನ!

ಇನ್ನು, 80ರ ದಶಕದ ಅಮೆರಿಕನ್ ಫ್ರೇಮ್ ಬೆಂಗಳೂರಲ್ಲಿ ಸಿಕ್ಕರೆ? ಗ್ರಾಹಕ ವಸ್ತುಗಳ ಆಮದಿನ ಮೇಲೆ ಆಗ ಬಿಗಿ ನಿರ್ಬಂಧವಿತ್ತು. ಕೊನೆಯ ಪ್ರಮಾಣ ಮಿತಿಗಳು ಹೋಗಿದ್ದು 2001ರ ಏಪ್ರಿಲ್ 1ಕ್ಕೆ. ಹಾಗಾಗಿ ಅದು ಅಂಗಡಿಗಿಂತ ಯಾರದೋ ಮನೆಸಾಮಾನಿನ ಜತೆ ಬಂದಿರುವ ಸಾಧ್ಯತೆಯೇ ಹೆಚ್ಚು.

ಇದು ಬರೀ ಹವ್ಯಾಸವಾ?

ಅಲ್ಲ. ಕದ್ದ ಮಾಲು ಅಂತ ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ, ಅಪ್ರಾಮಾಣಿಕವಾಗಿ ಪಡೆದರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು. 'ಈ ಸೈಕಲ್ ಯಾರದ್ದು?' ಅನ್ನೋ ಪ್ರಶ್ನೆ ಲಕ್ಷ ರೂಪಾಯಿ ಸೈಕಲ್‌ನಲ್ಲಿ ಆಫೀಸಿಗೆ ಹೋಗುವ ಟೆಕ್ಕಿಗೆ ಎದುರಾಗುವುದಕ್ಕಿಂತ, ಸೆಕೆಂಡ್ ಹ್ಯಾಂಡ್ ಸೈಕಲ್ ತುಳಿದು ನೈಟ್ ಶಿಫ್ಟ್‌ಗೆ ಹೋಗುವ ಸೆಕ್ಯುರಿಟಿ ಗಾರ್ಡ್‌ಗೆ ಎದುರಾಗುವ ಸಂಭವವೇ ಜಾಸ್ತಿ ಅಲ್ವಾ? ಅವರ ಕೈಯಲ್ಲಿ ತೋರಿಸೋಕೆ ಕಾಗದ ಇರೋದಿಲ್ಲ.

ಆದ್ದರಿಂದ ಹಳೇ ಸೈಕಲ್ ಕೊಳ್ಳುವಾಗ ಬಿಳಿ ಹಾಳೆಯಲ್ಲಾದರೂ ಸೀರಿಯಲ್ ನಂಬರ್, ತಾರೀಖು, ಬೆಲೆ ಬರೆಸಿ, ಮಾರಿದವರ ಸಹಿ ಹಾಕಿಸಿಕೊಳ್ಳಿ. ನಂಬರ್‌ನ ಫೋಟೊ ಮೊಬೈಲ್‌ನಲ್ಲಿರಲಿ. ನಂಬರನ್ನು ಉಜ್ಜಿ ಅಳಿಸಿದ ಗುರುತು ಕಂಡರೆ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಕಳವಾದಾಗ ದೂರು ಬರೆಸಲು ನಿಮಗೆ ಆಸರೆಯಾಗೋದೂ ಅದೇ ನಂಬರ್.