ಶಿಲೆಯ ಪಡಿಯಚ್ಚು, ಧ್ವನಿಯ ಪಡಿಯಚ್ಚು: ಪುನಃಸಂಸ್ಕರಿಸಿದ ಗಾನಮುದ್ರಿಕೆಗಳ ಪ್ರಾಮಾಣ್ಯವಿಚಾರ

ಕ್ರಿ. ಶ. 1902ನೆಯ ಇಸವಿಯಲ್ಲಿ ಬಿ. ಎಲ್. ರೈಸರವರ 'ಎಪಿಗ್ರಾಫಿಯ ಕರ್ಣಾಟಿಕ'ದ ಐದನೆಯ ಸಂಪುಟವು ಪ್ರಕಟವಾಯಿತು. ಬೇಲೂರು, ಹಳೇಬೀಡು, ಅರಸೀಕೆರೆ ಮೊದಲಾದ ಸ್ಥಳಗಳನ್ನೊಳಗೊಂಡ ಹಾಸನ ಜಿಲ್ಲೆಯ ಶಾಸನಗಳೆಲ್ಲ ಅದರೊಳಗೆ ತಾಲ್ಲೂಕುಗಳ ಹೆಸರಿನಡಿಯಲ್ಲಿ ಸಂಖ್ಯೆಗೊಂಡು ನಿಂತುವು. ಅದೇ ವರ್ಷದ ನವೆಂಬರ್ ತಿಂಗಳಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಎಫ್. ಡಬ್ಲ್ಯು. ಗೈಸ್‌ಬರ್ಗ್ ಎಂಬಾತನು ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿಯ ಧ್ವನಿಯನ್ನು ಮೇಣದ ತಟ್ಟೆಯ ಮೇಲೆ ಮುದ್ರಿಸಿಕೊಂಡನು. ಈ ಗಾಯಕಿಯೇ 1928ರಲ್ಲಿ ಮೈಸೂರು ಆಸ್ಥಾನವನ್ನು ಸೇರಿ, 1930ರ ಜನವರಿ 17ರಂದು ಮೈಸೂರಿನಲ್ಲಿಯೇ ಕಾಲವಾದವಳು. ಎರಡು ಕಾರ್ಯಗಳು ಒಂದೇ ವರ್ಷ ನಡೆದದ್ದು ಕಾಕತಾಳೀಯವಾದರೂ, ಎರಡರ ಸ್ವರೂಪದಲ್ಲಿ ಕಾಣುವ ಸಾಮ್ಯವು ವಿಚಾರಾರ್ಹವಾದುದು.

ಶಾಸನದ ಪಡಿಯಚ್ಚನ್ನು ತೆಗೆಯುವ ಕ್ರಮವು ವಾಚಕರಿಗೆ ತಿಳಿದದ್ದೇ ಆಗಿದೆ. ಕಲ್ಲನ್ನು ತೊಳೆದು, ಒದ್ದೆಯ ಕಾಗದವನ್ನು ಹಾಸಿ, ಕುಂಚದಿಂದ ಬಡಿದು ಅಕ್ಷರದ ಕುಳಿಗಳೊಳಗೆ ಕಾಗದವನ್ನು ಇಳಿಸಿ, ಮೇಲೆ ಮಸಿಯನ್ನು ಒತ್ತಿದರೆ ಅಕ್ಷರಗಳು ಬಿಳಿಯಾಗಿ ಉಳಿಯುತ್ತವೆ. ಗಾನಮುದ್ರಿಕೆಯಲ್ಲಿಯೂ ಹೀಗೆಯೇ. ಗಾಯಕನ ಧ್ವನಿಯಿಂದ ಮೇಣದಲ್ಲಿ ಗೆರೆ ಬೀಳುತ್ತದೆ; ಮೇಣದಿಂದ ಲೋಹದ ಅಚ್ಚು; ಅಚ್ಚಿನಿಂದ ಅರಗಿನ ತಟ್ಟೆಗಳು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆಯು ಸ್ಥಾಪಿತವಾಗುವವರೆಗೆ ನಮ್ಮ ದೇಶದ ಹಾಡುಗಳ ತಟ್ಟೆಗಳು ಜರ್ಮನಿಯ ಹಾನೋವರ್ ನಗರದಲ್ಲಿ ಒತ್ತಲ್ಪಟ್ಟು ಹಡಗಿನಲ್ಲಿ ಹಿಂದಿರುಗುತ್ತಿದ್ದುವು. ಗೌಹರ್ ಜಾನಳು ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ತಾನೇ ಹೇಳುತ್ತಿದ್ದಳು. ಭಾಷೆಯನ್ನರಿಯದ ದೂರದೇಶದ ಕೆಲಸಗಾರರು ತಟ್ಟೆಯನ್ನು ಗುರುತಿಸಲು ಇದು ಬೇಕಾಗಿತ್ತು. ಶಾಸನದ ಕೊನೆಯಲ್ಲಿ ಕಂಡರಿಸಿದವನ ಹೆಸರು ಇರುವಂತೆ ಇದನ್ನು ಭಾವಿಸಬಹುದು.

ಈ ಹಳೆಯ ಮುದ್ರಿಕೆಗಳು ಈಚೆಗೆ ಹೊಸ ರೂಪಗಳಲ್ಲಿ ಮತ್ತೆ ಪ್ರಕಟವಾಗುತ್ತಿವೆ. ವ್ಯಾಪಾರಸ್ಥರು ಇದನ್ನು 'ರೀಮಾಸ್ಟರ್' ಎನ್ನುತ್ತಾರೆ. ನಾವು ಪುನಃಸಂಸ್ಕರಣವೆನ್ನೋಣ. ಹೀಗೆ ಸಂಸ್ಕರಿಸಿದ ಪ್ರತಿಯು ಮೂಲಕ್ಕಿಂತ ಮೇಲೋ ಕೆಳಗೋ ಎಂದು ಸಂಗೀತರಸಿಕರಲ್ಲಿ ವಾದವಿದೆ. ಈ ವಾದವನ್ನು ಕಿವಿಯ ರುಚಿಗೆ ಬಿಡುವುದಕ್ಕಿಂತ, ಗ್ರಂಥಸಂಪಾದನೆಯ ನ್ಯಾಯದಿಂದ ಪರೀಕ್ಷಿಸುವುದು ಮೇಲೆಂದು ನನ್ನ ಅಭಿಪ್ರಾಯ. ರೈಸರು 1898ರಲ್ಲಿ ಪ್ರಕಟಿಸಿದ ಪಂಪಭಾರತವನ್ನೂ, ಕನ್ನಡ ಸಾಹಿತ್ಯ ಪರಿಷತ್ತು 1931ರಲ್ಲಿ ಹೊರತಂದ ಅದೇ ಗ್ರಂಥವನ್ನೂ ಎದುರುಬದುರಾಗಿ ಇಟ್ಟುಕೊಂಡು ಪಾಠ ಹೇಳಿದ ಅಧ್ಯಾಪಕರಿಗೆ, ಯಾವುದು ಪಾಠ, ಯಾವುದು ತಿದ್ದುಪಡಿ, ಯಾವುದು ಊಹೆ ಎಂಬ ವಿವೇಕವು ಹೊಸದಲ್ಲ.

ಮೊದಲು ವೇಗದ ಮಾತು. ಹಳೆಯ ಅರಗಿನ ತಟ್ಟೆಗಳು ನಿಮಿಷಕ್ಕೆ 78 ಸುತ್ತು ತಿರುಗತಕ್ಕವೆಂಬುದು ಲೋಕರೂಢಿ. ಆದರೆ ಪ್ರಾರಂಭದ ವರ್ಷಗಳಲ್ಲಿ ಈ ಸಂಖ್ಯೆಯು ಸ್ಥಿರವಾಗಿರಲಿಲ್ಲ. 73 ಸುತ್ತಿನಲ್ಲಿ ಮುದ್ರಿತವಾದ ತಟ್ಟೆಯೊಂದನ್ನು 78ರಲ್ಲಿ ಓಡಿಸಿದರೆ, ಶ್ರುತಿಯು ಒಂದು ಸ್ವರಸ್ಥಾನಕ್ಕಿಂತಲೂ ಹೆಚ್ಚಾಗಿ ಏರುತ್ತದೆ. ಕಾಲಪ್ರಮಾಣವೂ ನೂರಕ್ಕೆ ಸುಮಾರು ಏಳರಷ್ಟು ತ್ವರಿತಗೊಳ್ಳುತ್ತದೆ. ಗಾಯಕಿಯ ಕಂಠವು ಎಳೆಯದಾಗಿ ಕೇಳುತ್ತದೆ, ಗಮಕಗಳು ನಡುಗುತ್ತವೆ. ಆ ಕಾಲದವರು ಬಹಳ ಎತ್ತರದ ಶ್ರುತಿಯಲ್ಲಿ ಅವಸರವಾಗಿ ಹಾಡುತ್ತಿದ್ದರೆಂದು ಇಂಥ ಪುನರ್ಮುದ್ರಣವನ್ನು ಕೇಳಿ ಯಾರಾದರೂ ಸಿದ್ಧಾಂತಮಾಡಿದರೆ, ಅದು ಲಿಪಿಕಾರನ ತಪ್ಪನ್ನು ಕವಿಯ ಪ್ರಯೋಗವೆಂದು ವ್ಯಾಕರಣದಲ್ಲಿ ಸೇರಿಸಿದಂತೆಯೇ ಸರಿ.

ಎರಡನೆಯದು ಗೊರಗೊರ ಶಬ್ದವನ್ನು ತೆಗೆಯುವ ಕೆಲಸ. ಇದರಲ್ಲಿ ಭಾಷಾಶಾಸ್ತ್ರಜ್ಞರಿಗೆ ಸಂಬಂಧಪಟ್ಟ ವಿಷಯವಿರುವುದರಿಂದ ಸ್ವಲ್ಪ ವಿಸ್ತರಿಸುತ್ತೇನೆ. 1925ರಲ್ಲಿ ವಿದ್ಯುತ್ತಿನ ಮುದ್ರಣಕ್ರಮವು ಬರುವುದಕ್ಕೆ ಮುಂಚೆ, ಗಾಯಕನು ತಗಡಿನ ಕಹಳೆಯೊಳಗೆ ಹಾಡಬೇಕಾಗಿತ್ತು. ಆ ಕಹಳೆಯು ಕ್ಷಣಕ್ಕೆ ಸುಮಾರು 250ರಿಂದ 2500 ಕಂಪನಗಳ ನಡುವಣ ಧ್ವನಿಯನ್ನು ಮಾತ್ರ ಚೆನ್ನಾಗಿ ಗ್ರಹಿಸುತ್ತಿದ್ದಿತು. ವಿದ್ಯುತ್ಕ್ರಮವು ಮೇಲಣ ಎಲ್ಲೆಯನ್ನು ಸುಮಾರು 5000ಕ್ಕೆ ಏರಿಸಿತು. ನಮ್ಮ ವರ್ಣಮಾಲೆಯ ಸಕಾರದ ಸತ್ತ್ವವು ಬಹುಮಟ್ಟಿಗೆ 4000ದ ಮೇಲೆಯೇ ಇರುವುದು. ಆದ್ದರಿಂದ ಕಹಳೆಯ ಕಾಲದ ತಟ್ಟೆಯಲ್ಲಿ ಸಕಾರವು ಹೆಚ್ಚುಕಡಮೆ ಲುಪ್ತವಾಗಿದೆ. ಶಕಾರಕ್ಕೂ ಅದಕ್ಕೂ ಇರುವ ಭೇದವನ್ನು ಕೇಳುವವನು ಅರ್ಥಬಲದಿಂದ ತುಂಬಿಕೊಳ್ಳುತ್ತಾನೆ. ಮಹಾಪ್ರಾಣಗಳ ಉಸಿರೂ ಅಷ್ಟೆ. ಉಳಿದುಕೊಂಡಿರುವ ಅಲ್ಪಸ್ವಲ್ಪ ಕುರುಹಾದರೂ ಅರಗಿನ ಸರಸರ ಶಬ್ದದ ನೆರೆಯಲ್ಲಿಯೇ ಇದೆ. ಸಂಸ್ಕರಣಮಾಡುವಾತನು ಸರಸರವನ್ನು ಅಳಿಸಹೊರಟರೆ, ಊಷ್ಮಾಕ್ಷರಗಳ ಕೊನೆಯ ರೇಖೆಗಳೂ, ತಂಬೂರಿಯ ಜವಾರಿಯೂ, ಗಾಯಕನು ಉಸಿರನ್ನೆಳೆದುಕೊಂಡ ಗುರುತೂ ಜೊತೆಯಲ್ಲಿಯೇ ಹೋಗುತ್ತವೆ. ಕೇಳುವುದಕ್ಕೆ ನುಣುಪಾಗಿರುತ್ತದೆ, ನಿಜ. ಪಾಚಿಯನ್ನು ತೆಗೆಯಲೆಂದು ಉಳಿಯಿಂದ ಕೆರೆದರೆ ಶಾಸನದ ಕಲ್ಲೂ ನುಣುಪಾಗುತ್ತದೆ.

ನಾಲ್ವತ್ತು ಐವತ್ತು ವರ್ಷಗಳ ಹಿಂದಿನ ಉಚ್ಚಾರಣೆಯನ್ನು, ನಾಟಕಕಂಪನಿಗಳ ಕಂದಪದ್ಯದ ಧಾಟಿಯನ್ನು, ಹಳೆಯ ಗಮಕಿಗಳ ಪದವಿಭಾಗವನ್ನು ಧ್ವನಿಮುದ್ರಿಕೆಗಳಿಂದ ನಿರ್ಣಯಿಸಬೇಕೆನ್ನುವವರು ತಾವು ಕೇಳುತ್ತಿರುವುದು ಯಾವ ಹಂತದ ಪ್ರತಿಯೆಂದು ಮೊದಲು ತಿಳಿಯತಕ್ಕದ್ದು.

ಪಾಶ್ಚಾತ್ಯರಲ್ಲಿ ಈ ವಿವಾದವು ತೀವ್ರವಾಗಿ ನಡೆದಿರುವುದು 'ರಾಕ್' ಎಂಬ ಸಂಗೀತದ ವಿಷಯದಲ್ಲಿ. (ಆ ಹೆಸರಿಗೂ ನಮ್ಮ ಶಿಲೆಗೂ ಶಬ್ದಸಾಮ್ಯವಲ್ಲದೆ ಬೇರೆ ಸಂಬಂಧವಿಲ್ಲ.) 1982ರಲ್ಲಿ ಸಿ. ಡಿ. ಎಂಬ ಬೆಳಕಿನಿಂದ ಓದುವ ತಟ್ಟೆಯು ಬಂದಿತಷ್ಟೆ. ಅದರಲ್ಲಿ ಶಬ್ದದ ಗಟ್ಟಿತನಕ್ಕೆ ದಾಟಲಾರದ ಮೇಲಣ ಎಲ್ಲೆಯೊಂದುಂಟು. ತನ್ನ ತಟ್ಟೆಯು ಇತರರದಕ್ಕಿಂತ ಗಟ್ಟಿಯಾಗಿ ಕೇಳಬೇಕೆಂಬ ಸ್ಪರ್ಧೆಯಲ್ಲಿ, ಮೆಲ್ಲನೆಯ ಭಾಗಗಳನ್ನೆಲ್ಲ ಆ ಎಲ್ಲೆಯ ಹತ್ತಿರಕ್ಕೆ ಏರಿಸಿ, ಗಟ್ಟಿಯಾದ ಭಾಗಗಳ ತಲೆಯನ್ನು ಸವರುವ ಪದ್ಧತಿಯು 1990ರ ದಶಕದಿಂದ ಬಲವಾಯಿತು. ಇಗ್ಗಿ ಪಾಪ್ ಎಂಬ ಗಾಯಕನ ತಂಡವು 1973ರಲ್ಲಿ ಹೊರತಂದ 'ರಾ ಪವರ್' ಎಂಬ ಗಾನಸಂಪುಟವು ಇದಕ್ಕೆ ಪ್ರಸಿದ್ಧ ನಿದರ್ಶನ. 1997ರಲ್ಲಿ ಗಾಯಕನೇ ಅದನ್ನು ಹೊಸದಾಗಿ ಬೆರಸಿ ಅತ್ಯಂತ ಗಟ್ಟಿಯಾಗಿ ಪ್ರಕಟಿಸಿದನು. 2010ರಲ್ಲಿ ಡೇವಿಡ್ ಬೋವಿಯು ಮಾಡಿದ್ದ ಮೊದಲಿನ ಬೆರಕೆಯೇ ಮತ್ತೆ ಸಂಸ್ಕೃತವಾಗಿ ಬಂದಿತು. ಇಲ್ಲಿ ಗಮನಿಸತಕ್ಕದ್ದೇನೆಂದರೆ, ವಾದ್ಯಗಳನ್ನು ಬೇರೆಯಾಗಿ ಬೆರಸುವುದು ಹೊಸ ಪಾಠ. ಬೆರಸಿ ಮುಗಿದದ್ದನ್ನು ತೊಳೆದು ಒಪ್ಪಮಾಡುವುದು ಸಂಪಾದನೆ. ಮಾರುವವರು ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಅರ್ಧ ಜಗಳವು ಹುಟ್ಟಿದೆ.

ಹಾಗೆಂದು ಮೊದಲಿನ ತಟ್ಟೆಯೇ ಯಾವಾಗಲೂ ಪ್ರಮಾಣವೆನ್ನುವುದೂ ಸರಿಯಲ್ಲ. ಬೀಟಲ್ಸ್ ತಂಡದ ತಟ್ಟೆಗಳಲ್ಲಿ, ಸೂಜಿಯು ಗೆರೆಯಿಂದ ಹಾರಿಹೋದೀತೆಂಬ ಭಯದಿಂದ, ಮಂದ್ರಧ್ವನಿಯನ್ನು ಅಂದಿನ ಯಂತ್ರಜ್ಞರು ಅಂಕೆಯಲ್ಲಿಟ್ಟಿದ್ದರು. ಸುರುಳಿಯಲ್ಲಿ ಇದ್ದದ್ದು ತಟ್ಟೆಗೆ ಬರಲಿಲ್ಲ. 2009ರ ಸೆಪ್ಟೆಂಬರ್ 9ರಂದು ಹೊರಬಂದ ಅವರ ಸಂಸ್ಕೃತ ಸಂಪುಟಗಳಲ್ಲಿ ಒಂಟಿದನಿಯವು ಗಟ್ಟಿತನದ ಸವರಿಕೆಯಿಲ್ಲದೆಯೇ ಬಂದುವು. 2014ರಲ್ಲಿ ಒಂಟಿದನಿಯ ತಟ್ಟೆಗಳನ್ನು ಮೂಲಸುರುಳಿಗಳಿಂದಲೇ ನೇರವಾಗಿ ಕೊರೆದರು. ಇಲ್ಲಿ ಪುನರ್ಮುದ್ರಣವು ಮೊದಲ ಮುದ್ರಣಕ್ಕಿಂತ ಮೂಲಕ್ಕೆ ಹತ್ತಿರವಾಗಿದೆಯೆಂದು ಒಪ್ಪಬೇಕಾಗುತ್ತದೆ. ನಮ್ಮ ನೆರೆಯ ನಿದರ್ಶನವೂ ಇದನ್ನೇ ಹೇಳುತ್ತದೆ. ರೈಸರ ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾನಿಲಯವು 1972ರಿಂದ ಪರಿಷ್ಕರಿಸಿ ಪ್ರಕಟಿಸತೊಡಗಿ, ಬೇಲೂರು ತಾಲ್ಲೂಕಿಗೆ ಒಂಬತ್ತನೆಯ ಸಂಪುಟವನ್ನೂ ಅರಸೀಕೆರೆಗೆ ಹತ್ತನೆಯದನ್ನೂ ಮೀಸಲಿಟ್ಟಿತು. ಮೊದಲನೆಯದಾದ್ದರಿಂದ 1902ರ ಪಾಠವೇ ಶುದ್ಧವೆಂದು ಯಾರೂ ಹೇಳುವುದಿಲ್ಲ. ಆದರೆ ಶಾಸನಸಂಪಾದಕನು ಹೊಸ ಪಾಠವನ್ನು ಕೊಟ್ಟಾಗ ಕಲ್ಲಿನ ಸ್ಥಳವನ್ನು ಹೇಳುತ್ತಾನೆ, ನಷ್ಟಾಕ್ಷರಗಳನ್ನು ಚುಕ್ಕೆಯಿಂದ ತೋರಿಸುತ್ತಾನೆ, ಊಹಿಸಿದ್ದನ್ನು ಕಂಸದಲ್ಲಿಡುತ್ತಾನೆ. ಗಾನಸಂಸ್ಕರಣಮಾಡುವಾತನು ಊಹೆಯನ್ನೂ ಪಾಠವನ್ನೂ ಒಂದೇ ಸ್ವರದಲ್ಲಿ ನುಡಿಸಿಬಿಡುತ್ತಾನೆ.

ಈ ಭೇದವು ಎಷ್ಟು ಮುಖ್ಯವೆಂಬುದಕ್ಕೆ ಮೈಸೂರಿನ ಇತಿಹಾಸದಲ್ಲಿಯೇ ಎರಡು ದೃಷ್ಟಾಂತಗಳಿವೆ. ಜಯಚಾಮರಾಜ ಒಡೆಯರು (1919-1974) ಪಾಶ್ಚಾತ್ಯ ಸಂಗೀತದಲ್ಲಿ ನುರಿತವರು. ಲಂಡನ್ನಿನಲ್ಲಿ ಬಡತನದಿಂದಿದ್ದ ನಿಕೊಲಾಯ್ ಮೆಡ್ನರ್ ಎಂಬ ರಷ್ಯದ ವಾಗ್ಗೇಯಕಾರನ ಕೃತಿಗಳನ್ನು ಅವನಿಂದಲೇ ನುಡಿಸಿ ಮುದ್ರಿಸುವುದಕ್ಕಾಗಿ ಅವರು ಒಂದು ಸಂಘವನ್ನು ಕಟ್ಟಿ ದ್ರವ್ಯವನ್ನೊದಗಿಸಿದರು. ಆತನ ಮೂರು ಪಿಯಾನೊ ಕಂಚರ್ಟೊಗಳೂ 1947ರಲ್ಲಿ ಫಿಲ್‌ಹಾರ್ಮೋನಿಯ ವಾದ್ಯಮೇಳದೊಡನೆ ಮುದ್ರಿತವಾದುವು. ಮೂರನೆಯದನ್ನು ಆತನು ಮಹಾರಾಜರಿಗೆ ಅರ್ಪಿಸಿದನು. ಎಚ್. ಎಂ. ವಿ.ಯ ಅರಗಿನ ತಟ್ಟೆಗಳಲ್ಲಿ ಹೊರಬಂದ ಇವು 1990ರ ದಶಕದಲ್ಲಿ ಟೆಸ್ಟಮೆಂಟ್ ಎಂಬ ಸಂಸ್ಥೆಯಿಂದ ಸಿ. ಡಿ.ಯಾಗಿ ಪುನಃ ಪ್ರಕಟವಾದುವು. ಅರಗಿನ ತಟ್ಟೆಯ ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷಗಳಷ್ಟೇ ಅವಕಾಶ. ಅರ್ಧ ಗಂಟೆಯ ಕೃತಿಯನ್ನು ಹೀಗೆ ತುಂಡುಮಾಡಿ ನುಡಿಸಿದ್ದನ್ನು ಪುನರ್ಮುದ್ರಣದಲ್ಲಿ ಬೆಸುಗೆಹಾಕುತ್ತಾರೆ. ಒಡೆದ ಶಾಸನದ ತುಂಡುಗಳನ್ನು ಜೋಡಿಸಿ ಓದುವಂತೆಯೇ ಇದು ನ್ಯಾಯವಾದ ಕೆಲಸ. ಆದರೆ ಮಗ್ಗುಲಿನ ಕೊನೆಯಲ್ಲಿ ವಾದಕನು ಬಿಟ್ಟ ವಿರಾಮವು ಅವನ ವ್ಯಾಖ್ಯಾನವೋ ಯಂತ್ರದ ಬಲಾತ್ಕಾರವೋ ಎಂಬುದು ಬೆಸುಗೆಯಾದ ಮೇಲೆ ತಿಳಿಯದು.

ಎರಡನೆಯದು ಇನ್ನೂ ಗಂಭೀರವಾದುದು. 1949ರಲ್ಲಿ ತೀರಿಕೊಂಡ ರಿಖಾರ್ಡ್ ಸ್ಟ್ರೌಸ್‌ನ ಕಡೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಹಾಡಲ್ಪಟ್ಟುವು. ಹಾಡಿದವಳು ಕಿರ್ಸ್ಟನ್ ಫ್ಲಾಗ್‌ಸ್ಟಾಟ್, ಮೇಳವನ್ನು ನಡೆಸಿದವನು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಮಹಾರಾಜರು ಅಲ್ಲಿಗೆ ಹೋಗಲಾಗದಿದ್ದುದರಿಂದ, ಧ್ವನಿಯನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಬೇಕೆಂದು 4800 ಡಾಲರುಗಳ ಹೊಣೆಯನ್ನು ಹೊತ್ತರು. ಆಗ ಅವರ ಸಂಗ್ರಹದಲ್ಲಿ ಸುಮಾರು 20,000 ತಟ್ಟೆಗಳಿದ್ದುವೆಂದು ಎಣಿಕೆ. ಮುದ್ರಣವು ನಡೆದದ್ದು ಅಸಿಟೇಟ್ ಎಂಬ ಮೆತು ಲೇಪನದ ತಟ್ಟೆಗಳ ಮೇಲೆ. ಇವು ಅರಗಿನಂತೆ ಗಡುಸಲ್ಲ. ಒಂದೊಂದು ಸಲ ಸೂಜಿ ಹಾದಾಗಲೂ ಗೆರೆಯು ಸವೆಯುತ್ತದೆ. ಮೊದಲ ಸಲ ಎಲ್. ಪಿ.ಗೆ ಇಳಿಸುವ ಹೊತ್ತಿಗೇ ಅವು ಬಹಳ ಸವೆದಿದ್ದುವು, ಆ ಎಲ್. ಪಿ.ಯೂ ಕಳಪೆಯೆನಿಸಿತು. 2007ರಲ್ಲಿ ರೋಜರ್ ಬಿಯರ್ಡ್ಸ್‌ಲಿ, 2014ರಲ್ಲಿ ಆಂಡ್ರೂ ರೋಸ್ ಎಂಬವರು ಗಣಕಯಂತ್ರದ ಸಹಾಯದಿಂದ ಅದನ್ನು ಮತ್ತೆ ಸಂಸ್ಕರಿಸಿದ್ದಾರೆ. ಮೂಲವು ಕೇಳಿದಷ್ಟೂ ನಶಿಸುವಂಥದಾದರೆ, ಮೂಲವನ್ನೇ ಕೇಳಬೇಕೆಂಬ ವಾದವು ಮೂಲಕ್ಕೇ ಶತ್ರುವಾಗುತ್ತದೆ.

ಮೂಲವು ಪೂರ್ತಿಯಾಗಿ ಹೋಗಿಬಿಡುವುದೂ ಉಂಟು. 2008ರ ಜೂನ್ 1ರಂದು ಅಮೆರಿಕದ ಹಾಲಿವುಡ್ಡಿನ ಯೂನಿವರ್ಸಲ್ ಸಂಸ್ಥೆಯ ಉಗ್ರಾಣಕ್ಕೆ ಬೆಂಕಿ ಬಿದ್ದು ಅನೇಕ ಗಾಯಕರ ಮೂಲಸುರುಳಿಗಳು ಸುಟ್ಟುಹೋದುವು. ಅದರ ವ್ಯಾಪ್ತಿಯು ಲೋಕಕ್ಕೆ ತಿಳಿದದ್ದು 2019ರಲ್ಲಿ. ಅಲ್ಲಿಂದ ಮುಂದೆ ಆ ಹಾಡುಗಳಿಗೆ ಪುನರ್ಮುದ್ರಣಗಳೇ ಸಾಕ್ಷಿ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಕಲ್ಲು ಮೈಸೂರಿನಲ್ಲಿ ಸುರಕ್ಷಿತವಾಗಿರುವುದರಿಂದ, ಊರಿನಲ್ಲಿ ನಿಂತಿರುವ ಪ್ರತಿಕೃತಿಯನ್ನು ನೋಡಿ ಯಾರೂ ಅಕ್ಷರವಾದವನ್ನು ಹೂಡುವುದಿಲ್ಲ. ಕಲ್ಲು ಇಲ್ಲದಿದ್ದಲ್ಲಿ ಪ್ರತಿಕೃತಿಯ ಶಿಲ್ಪಿಯ ಕೈತಪ್ಪೂ ಕನ್ನಡದ ಚರಿತ್ರೆಯೊಳಗೆ ಸೇರುತ್ತಿತ್ತು.

ಅಂತರರಾಷ್ಟ್ರೀಯ ಧ್ವನಿಸಂಗ್ರಹಾಲಯಗಳ ಸಂಘದವರು ಈ ಬಗೆಗೆ ನಿಯಮಗಳನ್ನು ಮಾಡಿದ್ದಾರೆ. ಮೊದಲು ತಟ್ಟೆಯನ್ನು ಯಾವ ತಿದ್ದುಪಡಿಯೂ ಇಲ್ಲದೆ ಇಳಿಸಿಕೊಂಡು ಕಾದಿರಿಸಬೇಕು. ಅಳಿಸುವುದು, ಒಪ್ಪಮಾಡುವುದು ಮುಂತಾದ ಕೆಲಸವೆಲ್ಲ ಅದರ ಪ್ರತಿಯ ಮೇಲೆ ನಡೆಯಬೇಕು. ಇದಕ್ಕೆ ನಾನು ಇಷ್ಟನ್ನು ಸೇರಿಸಬಯಸುತ್ತೇನೆ: ಕನ್ನಡದ ಹಳೆಯ ತಟ್ಟೆಗಳನ್ನು ಪುನಃ ಪ್ರಕಟಿಸುವವರು ತಟ್ಟೆಯ ಅಚ್ಚಿನ ಸಂಖ್ಯೆ, ಓಡಿಸಿದ ವೇಗ, ಆ ವೇಗವನ್ನು ನಿರ್ಣಯಿಸಿದ ಆಧಾರ, ಬೆಸುಗೆಗಳ ಸ್ಥಾನ ಇವನ್ನು ಹೊದಿಕೆಯ ಮೇಲೆ ನಮೂದಿಸಬೇಕು. ಅಚ್ಚಿನ ಸಂಖ್ಯೆಯು ತಟ್ಟೆಯ ನಡುವಣ ಚೀಟಿಯ ಸುತ್ತಲೂ ಕೊರೆದೇ ಇರುತ್ತದೆ. ರೈಸರ ಸಂಪುಟದಲ್ಲಿ ಅರಸೀಕೆರೆಯ ಶಾಸನಕ್ಕೊಂದು ಸಂಖ್ಯೆಯಿರುವಂತೆ ಅದೂ ಒಂದು ಗುರುತು. ಮೆಡ್ನರನ ಅರಗಿನ ತಟ್ಟೆಗಳು ಸಂಗ್ರಾಹಕರಲ್ಲಿ ಇನ್ನೂ ಉಳಿದಿರುವುದರಿಂದ, ಟೆಸ್ಟಮೆಂಟಿನ ಪ್ರತಿಯನ್ನು ಅವುಗಳೊಡನೆ ಮಗ್ಗುಲು ಮಗ್ಗುಲಾಗಿ ಹೋಲಿಸುವುದು ಇಂದಿಗೂ ಸಾಧ್ಯವಿದೆ. ಆಲ್ಬರ್ಟ್ ಹಾಲಿನ ಗೀತೆಗಳಿಗೆ ಆ ಅವಕಾಶವಿಲ್ಲ. 1950ರ ಆ ರಾತ್ರಿ ತಟ್ಟೆಯ ಮೇಲೆ ಬಿದ್ದ ಗೆರೆಯು ಸವೆದಿರುವುದರಿಂದ, ಅಲ್ಲಿ ಪರೀಕ್ಷಿಸಬಹುದಾದದ್ದು ಒಬ್ಬ ಸಂಪಾದಕನ ಪಾಠವನ್ನು ಇನ್ನೊಬ್ಬನ ಪಾಠದೊಡನೆ ಮಾತ್ರ.